ಅಲಾಯ್ ಸ್ಟೀಲ್ ವೆಲ್ಡಿಂಗ್: ರಾಡ್ ಮತ್ತು ಹೀಟ್ ಟ್ರೀಟ್‌ಮೆಂಟ್ ಎರಡನ್ನೂ ಒಟ್ಟಿಗೇ ಆರಿಸಬೇಕು

ಅಲಾಯ್ ಸ್ಟೀಲ್‌ನಲ್ಲಿ (ಕ್ರೋಮಿಯಂ, ಮಾಲಿಬ್ಡಿನಂನಂಥ ಲೋಹ ಬೆರೆಸಿದ ಉಕ್ಕು) ವೆಲ್ಡ್ ಮುಗಿದಾಗ ನೋಡಲು ಚೆನ್ನಾಗಿಯೇ ಇರುತ್ತದೆ. ಬಿರುಕು ಬಿಡುವುದು ತಣ್ಣಗಾದ ಮೇಲೆ, ಕೆಲವೊಮ್ಮೆ ಮರುದಿನ. ವೆಲ್ಡ್‌ನ ಪಕ್ಕದ ಶಾಖ ತಗುಲಿದ ಭಾಗ ಬೇಗ ತಣಿದು ಮಾರ್ಟೆನ್ಸೈಟ್ ಎಂಬ ಗಡಸಾದ, ಸುಲಭವಾಗಿ ಬಿರಿಯುವ ರಚನೆಯಾಗುತ್ತದೆ, ಅದರೊಳಗೆ ಹೈಡ್ರೋಜನ್ ಸೇರಿಕೊಳ್ಳುತ್ತದೆ, ಮೇಲೆ ಕುಗ್ಗುವಿಕೆಯ ಎಳೆತವೂ ಬೀಳುತ್ತದೆ. ಹೈಡ್ರೋಜನ್ ಕಡಿಮೆ ಮಾಡುವುದು ರಾಡ್‌ನ ಕೆಲಸ, ತಣಿಯುವ ವೇಗ ಇಳಿಸುವುದು ಪ್ರಿಹೀಟ್‌ನ (ವೆಲ್ಡ್‌ಗೆ ಮೊದಲೇ ಲೋಹ ಬಿಸಿ ಮಾಡುವುದರ) ಕೆಲಸ. ಒಂದನ್ನು ಬಿಟ್ಟು ಇನ್ನೊಂದನ್ನು ನಂಬಿ ಕೂತರೆ ಆಗದು.

ಮೊದಲು ಕಾರ್ಬನ್ ಈಕ್ವಿವಲೆಂಟ್, ಅಂದರೆ ಉಕ್ಕು ಎಷ್ಟು ಸುಲಭವಾಗಿ ಗಡಸಾಗುತ್ತದೆ ಎಂಬುದರ ಅಳತೆ, ಲೆಕ್ಕ ಹಾಕಿ (ಎಲ್ಲವೂ ಶೇಕಡಾದಲ್ಲಿ): ಇಂಗಾಲ + ಮ್ಯಾಂಗನೀಸ್/6 + (ಕ್ರೋಮಿಯಂ + ಮಾಲಿಬ್ಡಿನಂ + ವನೇಡಿಯಂ)/5 + (ನಿಕ್ಕಲ್ + ತಾಮ್ರ)/15. ಶಾಫ್ಟ್, ಗೇರ್‌ಗಳಲ್ಲಿ ಸಿಗುವ 4140 ಉಕ್ಕನ್ನೇ ತೆಗೆದುಕೊಳ್ಳೋಣ. ಇಂಗಾಲ 0.40, ಮ್ಯಾಂಗನೀಸ್ 0.90, ಕ್ರೋಮಿಯಂ 0.95, ಮಾಲಿಬ್ಡಿನಂ 0.20 ಶೇಕಡಾ ಇದ್ದರೆ 0.40 + 0.15 + 0.23 = 0.78. ಸುಮಾರು 0.45 ದಾಟಿದರೇ ಎಚ್ಚರ ಬೇಕು, 0.78 ಎಂದರೆ ಪ್ರಿಹೀಟ್ ಇಲ್ಲದೆ ಆರ್ಕ್ ಹೊಡೆಯಲೇಬಾರದು. 200ರಿಂದ 300 ಡಿಗ್ರಿ ಸೆಲ್ಸಿಯಸ್, ದಪ್ಪ ಹೆಚ್ಚಿದಷ್ಟೂ ಮೇಲಿನ ತುದಿಗೆ. ಮೇಲ್ಮೈ ಬಿಸಿಯಾದರೆ ಸಾಲದು, ಒಳಗೂ ಬಿಸಿ ಇಳಿಯಬೇಕು. ಟೆಂಪರೇಚರ್ ಚಾಕ್‌ನಲ್ಲಿ (ಗೊತ್ತಾದ ತಾಪಕ್ಕೆ ಕರಗುವ ಕಡ್ಡಿ) ಜಾಯಿಂಟ್‌ನಿಂದ ಸುಮಾರು 75 ಮಿ.ಮೀ. ದೂರದಲ್ಲಿ, ಸಾಧ್ಯವಿದ್ದರೆ ಹಿಂಬದಿಯಲ್ಲಿ ನೋಡಿ. ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ವೆಲ್ಡ್) ಹಾಕುವಾಗಲೂ ಇದೇ ನಿಯಮ. ಚಿಕ್ಕ ಟ್ಯಾಕ್ ತಣ್ಣನೆಯ ಲೋಹದ ಮೇಲೆ ಕ್ಷಣದಲ್ಲಿ ತಣಿಯುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಜಾಯಿಂಟ್ ಆಚೆ ಆರ್ಕ್ ತಗುಲಿಸುವುದೂ ಅಷ್ಟೇ ಅಪಾಯ.

ರಾಡ್ ವಿಷಯಕ್ಕೆ ಬಂದರೆ, ಇ8018-ಬಿ2 ಎಂಬ ರಾಡ್‌ನ ಹೆಸರಿನಲ್ಲಿ 80 ಎಂದರೆ ಕನಿಷ್ಠ 80,000 ಪಿಎಸ್ಐ ಎಳೆತ ಬಲ, 1 ಎಂದರೆ ಎಲ್ಲ ಪೊಸಿಷನ್, 8 ಎಂದರೆ ಐರನ್ ಪೌಡರ್ ಇರುವ ಲೋ ಹೈಡ್ರೋಜನ್ ಲೇಪನ, ಬಿ2 ಎಂದರೆ ಸುಮಾರು ಶೇಕಡಾ 1.25 ಕ್ರೋಮಿಯಂ, 0.5 ಮಾಲಿಬ್ಡಿನಂ. ಪೂರ್ಣ ಬಲ ಬೇಡದ ಜಾಯಿಂಟ್‌ಗೆ ಬೇಸ್ ಮೆಟಲ್‌ಗಿಂತ (ಜೋಡಿಸುವ ಮೂಲ ಲೋಹಕ್ಕಿಂತ) ಮೆತ್ತನೆಯ ಇ7018 ಹಾಕುವುದೇ ಜಾಣತನ. ಮೆತ್ತನೆ ವೆಲ್ಡ್ ಎಳೆತವನ್ನು ತಾನೇ ಹೀರಿಕೊಳ್ಳುತ್ತದೆ. ಆಮೇಲೆ ಹೀಟ್ ಟ್ರೀಟ್‌ಮೆಂಟ್ ಸಾಧ್ಯವೇ ಇಲ್ಲದ ರಿಪೇರಿಗೆ 309 ಅಥವಾ 312 ಸ್ಟೇನ್‌ಲೆಸ್ ರಾಡ್ ಬಳಸುತ್ತಾರೆ, ಅದರ ಆಸ್ಟೆನೈಟ್ (ಸಾಮಾನ್ಯ ಉಕ್ಕಿನಲ್ಲಿ ಹೆಚ್ಚಿನ ಬಿಸಿಯಲ್ಲಷ್ಟೇ ಇರುವ ರಚನೆ) ಹೈಡ್ರೋಜನನ್ನು ಹಿಡಿದಿಡುತ್ತದೆ. ಆದರೆ ಬಿಸಿಯಲ್ಲಿ ಕೆಲಸ ಮಾಡುವ ಭಾಗಕ್ಕೆ ಅದು ಬೇಡ: ಅದು ಹಿಗ್ಗುವ ಪ್ರಮಾಣ ಬೇಸ್ ಮೆಟಲ್‌ನದಕ್ಕಿಂತ ಬೇರೆ, ಇಂಗಾಲವೂ ವೆಲ್ಡ್ ಕಡೆಗೆ ಸರಿಯುತ್ತದೆ.

ತೇವ ಎಳೆದುಕೊಂಡ ಲೋ ಹೈಡ್ರೋಜನ್ ರಾಡ್ ಹೆಸರಿಗಷ್ಟೇ ಲೋ ಹೈಡ್ರೋಜನ್. ತಯಾರಕರು ಹೇಳಿದ ತಾಪಕ್ಕೇ ಬೇಕ್ ಮಾಡಿ (ಲೋ ಅಲಾಯ್ ರಾಡ್‌ಗೆ ಸಾಮಾನ್ಯವಾಗಿ 370–430 ಡಿಗ್ರಿ, ಒಂದು ಗಂಟೆ), ನಂತರ ಕನಿಷ್ಠ 120 ಡಿಗ್ರಿಯ ಓವನ್‌ನಲ್ಲಿಡಿ, ಬೇಕಾದಷ್ಟೇ ಹೊರತೆಗೆಯಿರಿ.

4140 ವೆಲ್ಡ್ ಮುಗಿದ ತಕ್ಷಣ ತಣಿಯಲು ಬಿಡದೆ 600–650 ಡಿಗ್ರಿಯ ಹೀಟ್ ಟ್ರೀಟ್‌ಮೆಂಟ್‌ಗೆ (ಬಿಸಿಯಲ್ಲಿಟ್ಟು ಗಡಸುತನ, ಎಳೆತ ಇಳಿಸುವುದು) ಒಯ್ಯಿರಿ, 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ. ಅದು ಆಗದಿದ್ದರೆ ಸುಮಾರು 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಹಿಡಿದು, ಕಂಬಳಿ ಸುತ್ತಿ ನಿಧಾನವಾಗಿ ತಣಿಸಿ. ಮೊದಲೇ ಕ್ವೆಂಚ್ ಮಾಡಿ (ಕಾಯಿಸಿ ಥಟ್ಟನೆ ತಣಿಸಿ) ಟೆಂಪರ್ ಮಾಡಿದ (ಮತ್ತೆ ಕಾಯಿಸಿ ಗಡಸುತನ ಹದಕ್ಕೆ ತಂದ) ತುಂಡಾದರೆ ಟೆಂಪರ್ ತಾಪಕ್ಕಿಂತ 30 ಡಿಗ್ರಿಯಾದರೂ ಕೆಳಗಿರಿ. 540ರಲ್ಲಿ ಟೆಂಪರ್ ಆದದ್ದಕ್ಕೆ 510. ಮೀರಿದರೆ ಶಾಫ್ಟ್‌ನ ಗಡಸುತನವೇ ಇಳಿದುಹೋಗುತ್ತದೆ.

ಬಾಯ್ಲರ್ ಪೈಪ್‌ನ ಪಿ22 ಎಂಬ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿಗೆ ಇ9018-ಬಿ3, ಸುಮಾರು 200 ಡಿಗ್ರಿ ಪ್ರಿಹೀಟ್, 700ರ ಆಸುಪಾಸಿನಲ್ಲಿ ಟ್ರೀಟ್‌ಮೆಂಟ್. ಇನ್ನೂ ಹೆಚ್ಚು ಕ್ರೋಮಿಯಂ ಇರುವ ಪಿ91 ಮಾತ್ರ ಬೇರೆ ಜಾತಿ. ಅದನ್ನು ವೆಲ್ಡ್ ಆದ ಮೇಲೆ 100 ಡಿಗ್ರಿಗಿಂತ ಕೆಳಗೆ ಇಳಿಸಿಯೇ ಟ್ರೀಟ್‌ಮೆಂಟ್‌ಗೆ ಹಾಕಬೇಕು. ಬಿಸಿಯಿದ್ದಾಗಲೇ ಹಾಕಿದರೆ ಉಳಿದ ಆಸ್ಟೆನೈಟ್ ಕೊನೆಯಲ್ಲಿ ತಣಿಯುವಾಗ ಟೆಂಪರ್ ಆಗದ ಮಾರ್ಟೆನ್ಸೈಟ್ ಆಗಿಬಿಡುತ್ತದೆ. ಟ್ರೀಟ್‌ಮೆಂಟ್ ತಾಪ 760ರ ಸುತ್ತ. ಇಲ್ಲಿ ರಾಡ್‌ನ ನಿಕ್ಕಲ್ ಮತ್ತು ಮ್ಯಾಂಗನೀಸ್ ಒಟ್ಟು ಎಷ್ಟೆಂದು ಸರ್ಟಿಫಿಕೇಟಿನಲ್ಲಿ ನೋಡಿಯೇ ಮುಂದುವರಿಯಿರಿ: ಅದು ಹೆಚ್ಚಿದಷ್ಟೂ ಆಸ್ಟೆನೈಟ್ ಹುಟ್ಟುವ ತಾಪ ಕೆಳಗಿಳಿಯುತ್ತದೆ, ಬೇಸ್ ಮೆಟಲ್‌ಗೆ ಸರಿಯಾದ ತಾಪವೇ ವೆಲ್ಡ್‌ಗೆ ಅತಿಯಾಗಬಹುದು.

ಟ್ರೀಟ್‌ಮೆಂಟ್ ಇಲ್ಲದೆ ಬಿಟ್ಟ ಜಾಯಿಂಟನ್ನು ವೆಲ್ಡ್ ಮುಗಿದ 48 ಗಂಟೆಯ ನಂತರವೇ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಗೆ (ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವುದು) ಒಡ್ಡಿ; ತಡವಾಗಿ ಬಿಡುವ ಬಿರುಕು ಆಗಲೇ ಸಿಗುವುದು.