ಪದ ಪರಿಚಯ: ಸಿಒಪಿಡಿ ಮತ್ತು ಸ್ವಯಂ ನಿರ್ವಹಣೆ

ಹುಬ್ಬಳ್ಳಿಯಲ್ಲಿ ಡಾಕ್ಟರು ಚೀಟಿಯ ಮೇಲೆ ಸಿಒಪಿಡಿ (ಕ್ರಾನಿಕ್ ಅಬ್‌ಸ್ಟ್ರಕ್ಟಿವ್ ಪಲ್ಮನರಿ ಡಿಸೀಸ್, ಅಂದರೆ ಉಸಿರಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಬರೆಯುವ ಕಾಯಿಲೆಯನ್ನು ಮನೆಮಂದಿ ದಮ್ಮು ಅಂತಲೇ ಕರೆಯುತ್ತಾರೆ. ಬೀಡಿ, ಸಿಗರೇಟು, ಕಟ್ಟಿಗೆ ಒಲೆಯ ಹೊಗೆ, ಕೆಲಸದ ಜಾಗದ ಧೂಳು ವರ್ಷಗಟ್ಟಲೆ ಒಳಗೆ ಹೋಗಿ ಶ್ವಾಸನಾಳಗಳು ಕಿರಿದಾಗಿರುತ್ತವೆ. ಎಳೆದುಕೊಂಡ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಬೀಡಿ ಮುಟ್ಟದ ಹೆಂಗಸರಿಗೂ ಒಲೆಯ ಹೊಗೆಯಿಂದ ಇದು ಬರುತ್ತದೆ. ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪೂರ್ತಿ ವಾಸಿಯಾಗದಿದ್ದರೂ ಹತೋಟಿಯಲ್ಲಿ ಇಡಬಹುದು.

ಡಾಕ್ಟರ ಮುಂದೆ ಕೂರುವುದು ವರ್ಷಕ್ಕೆ ಕೆಲವೇ ಸಲ ಅಲ್ವಾ? ಮಿಕ್ಕ ದಿನಗಳಲ್ಲಿ ರೋಗಿ ತನ್ನ ಕಾಯಿಲೆಯನ್ನು ತಿಳಿದುಕೊಂಡು ಮಾಡಿಕೊಳ್ಳುವ ಆರೈಕೆಯೇ ಸ್ವಯಂ ನಿರ್ವಹಣೆ. ಬೀಡಿ ಬಿಡುವುದು ಮೊದಲ ಕೆಲಸ. ಅದನ್ನು ಬಿಡದೆ ಉಳಿದದ್ದೆಲ್ಲ ಮಾಡಿದರೆ ಫಲ ಕಡಿಮೆ.

ಹೆಚ್ಚು ತಪ್ಪಾಗುವುದು ಪಂಪಿನಲ್ಲಿ, ಅಂದರೆ ಇನ್‌ಹೇಲರ್‌ನಲ್ಲಿ. ಸಾಲ್ಬುಟಮಾಲ್ ಎಂಬ ಔಷಧಿಯ ಪಂಪು ಕೆಲವೇ ನಿಮಿಷದಲ್ಲಿ ಉಸಿರು ಸಡಿಲ ಮಾಡುತ್ತದೆ, ಅದರ ಪರಿಣಾಮ 4ರಿಂದ 6 ತಾಸು ಇರುತ್ತದೆ. ಟಿಯೋಟ್ರೋಪಿಯಂ ಎಂಬ ಇನ್ನೊಂದು ಔಷಧಿ ದಿನಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು, ಅದರ ಕೆಲಸ 24 ತಾಸು. ಆರಾಮ ಇದ್ದೇನೆ ಅಂತ ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಆರಾಮ ಇರುವುದೇ ಅದರಿಂದ! ಪಂಪು ಚಟ ಹತ್ತುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಒತ್ತುವ ಪಂಪಾದರೆ ಮೊದಲು ಉಸಿರು ಹೊರಗೆ ಬಿಡಿ, ಒತ್ತುತ್ತಲೇ ನಿಧಾನವಾಗಿ ಎಳೆದುಕೊಳ್ಳಿ, 10 ಸೆಕೆಂಡು ಹಿಡಿದಿಡಿ. ಕೈ ಮತ್ತು ಉಸಿರು ಹೊಂದದಿದ್ದರೆ ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಕೊಳವೆ, ಕೇಳಿ. ಸ್ಟೆರಾಯ್ಡ್ ಇರುವ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಪೊರೆಯಂಥ ಅಗ್ರ ಕಟ್ಟಬಹುದು. ಮುಂದಿನ ಭೇಟಿಗೆ ಪಂಪನ್ನು ಕೈಯಲ್ಲೇ ಒಯ್ದು, ಬಳಸುವ ರೀತಿ ಡಾಕ್ಟರಿಗೆ ತೋರಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಇನ್ನೊಂದು ಮುಖ್ಯ ಸಂಗತಿ, ನಿಮ್ಮ ಮಾಮೂಲಿ ದಿನ ಹೇಗಿರುತ್ತದೆ ಎಂಬ ಅರಿವು. ದಿನವೂ ನಿಲ್ಲದೆ ಎಷ್ಟು ದೂರ ನಡೆಯುತ್ತೀರಿ, ಕಫ ಎಷ್ಟು, ಬಣ್ಣ ಯಾವುದು? ದಮ್ಮು ಜಾಸ್ತಿಯಾಗಿ, ಕಫ ಹೆಚ್ಚಿ, ಹಳದಿ ಅಥವಾ ಹಸಿರಿಗೆ ತಿರುಗಿದರೆ ಕಾಯಿಲೆ ಕೆರಳಿದೆ ಎಂದರ್ಥ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನ ಘಾಟಿನಿಂದ ದೂರ ಇರುವುದೂ ಈ ಆರೈಕೆಯ ಭಾಗವೇ. ಕೆರಳಿದಾಗ ಯಾವ ಔಷಧಿ, ಎಷ್ಟು, ಯಾವಾಗ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಮನೆಯವರಿಗೂ ಓದಿಸಿ. ತುಟಿ ನೀಲಿಯಾದರೆ, ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ಮಂಪರು ಕವಿದರೆ ಕಾಯದೆ 108ಕ್ಕೆ ಕರೆ ಮಾಡಬೇಕು.