ಫಾರ್ಮ್ ಡಿ ಹುಡುಗರ ಕ್ಲರ್ಕ್‌ಶಿಪ್

ಕಾಲೇಜಿನ ಜಾಹೀರಾತಿನಲ್ಲೂ ಹುಡುಗರ ಬಯೋಡೇಟಾದಲ್ಲೂ ಈಗ ಒಂದೇ ಮಾತು: ‘ಎರಡನೇ ವರ್ಷದಿಂದಲೇ ಇಂಟರ್ನ್‌ಶಿಪ್’. ಅಲ್ಲ ಸ್ವಾಮಿ, ಫಾರ್ಮ್ ಡಿ ಅನ್ನುವ ಆರು ವರ್ಷದ ಫಾರ್ಮಸಿ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಬರುವುದು ಆರನೇ ವರ್ಷಕ್ಕೆ. ಫಾರ್ಮಸಿ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಎರಡು, ಮೂರು, ನಾಲ್ಕನೇ ವರ್ಷದಲ್ಲಿ ಇರುವುದು ಹಾಸ್ಪಿಟಲ್ ಪೋಸ್ಟಿಂಗ್. ವರ್ಷಕ್ಕೆ ಕನಿಷ್ಠ 50 ಗಂಟೆ, ಅದನ್ನು ಕನಿಷ್ಠ 200 ಕೆಲಸದ ದಿನಗಳಿಗೆ ಹಂಚಬೇಕು. ಲೆಕ್ಕ ಹಾಕಿ, ದಿನಕ್ಕೆ ಕಾಲು ಗಂಟೆ! ಐದನೇ ವರ್ಷ ದಿನಾ ಬೆಳಗ್ಗೆ ಅರ್ಧ ದಿನ ವಾರ್ಡ್ ರೌಂಡ್ಸ್. ಅದು ಕ್ಲರ್ಕ್‌ಶಿಪ್.

ಕ್ಲರ್ಕ್ ಅಂದ ತಕ್ಷಣ ನಮಗೆ ತಾಲ್ಲೂಕು ಆಫೀಸಿನ ಫೈಲು ನೆನಪಾಗುತ್ತದೆ. ಹುಡುಗರು ಈ ಹೆಸರು ಹೇಳಲು ನಾಚುವುದು ಅದಕ್ಕೇ ಇರಬೇಕು. ಆದರೆ ಪದ ಹುಟ್ಟಿದ್ದು ಚರ್ಚಿನಲ್ಲಿ. ಲ್ಯಾಟಿನ್ನಿನ ಕ್ಲೆರಿಕುಸ್ ಅಂದರೆ ಪಾದ್ರಿ. ಒಂದು ಕಾಲದ ಯುರೋಪಿನಲ್ಲಿ ಓದು ಬರಹ ಬಲ್ಲವರು ಜಾಸ್ತಿ ಅವರೇ. ಹಾಗಾಗಿ ಬರೆಯುವವರೆಲ್ಲ ಕ್ಲರ್ಕ್ ಆದರು. ಮುಂದೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಯನ್ನು ವಿಚಾರಿಸಿ ಕೇಸ್ ಬರೆದಿಡುವ ವೈದ್ಯ ವಿದ್ಯಾರ್ಥಿಗೆ ಕ್ಲಿನಿಕಲ್ ಕ್ಲರ್ಕ್ ಎಂಬ ಹೆಸರು ಬಂತು. (ಸರ್ಜರಿ ವಾರ್ಡಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವನು ಡ್ರೆಸ್ಸರ್.) 1890ರ ದಶಕದಲ್ಲಿ ಕೆನಡಾದ ವೈದ್ಯ ವಿಲಿಯಂ ಆಸ್ಲರ್ ಈ ಪದ್ಧತಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೇರೂರಿಸಿದರು. ಫಾರ್ಮಸಿಗೆ ಈ ಹೆಸರು ವೈದ್ಯರ ಕಡೆಯಿಂದ ಬಂದ ಎರವಲು.

ಅಂದರೆ ಕೇಳುವುದು, ಬರೆಯುವುದೇ ಇಲ್ಲಿ ಮುಖ್ಯ ಕೆಲಸ. ಬಿಳಿ ಕೋಟು ಹಾಕಿಕೊಂಡು ಡಾಕ್ಟರ ಬೆನ್ನ ಹಿಂದೆ ಸುಮ್ನೆ ನಿಂತರೆ ಪೋಸ್ಟಿಂಗೂ ಆಗಲಿಲ್ಲ, ಕ್ಲರ್ಕ್‌ಶಿಪ್ಪೂ ಆಗಲಿಲ್ಲ. ಬಿಪಿ ಇಳಿಯದ ಅಜ್ಜಿಯೊಬ್ಬರು ಅಡ್ಮಿಟ್ ಆಗಿದ್ದಾರೆ ಅನ್ನಿ. ಕೇಸ್ ಶೀಟಿನಲ್ಲಿ ಬಿಪಿ ಇಳಿಸುವ ಅಮ್ಲೋಡಿಪಿನ್ ಮಾತ್ರ ಇದೆ. ‘ಬೇರೆ ಮಾತ್ರೆ ತಗೋತೀರಾ ಅಜ್ಜಿ?’ ಅಂದರೆ ‘ಇಲ್ಲಪ್ಪ’ ಅನ್ನುತ್ತಾರೆ. ‘ಮಂಡಿನೋವಿಗೆ?’ ಅಂತ ಕೇಳಿದರೆ ತಲೆದಿಂಬಿನ ಪಕ್ಕದ ಪ್ಲಾಸ್ಟಿಕ್ ಕವರಿನಿಂದ ಡೈಕ್ಲೋಫಿನಾಕ್ ಸ್ಟ್ರಿಪ್ ಹೊರಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಂಡದ್ದು. ಈ ನೋವಿನ ಮಾತ್ರೆ ಬಿಪಿ ಏರಿಸಬಹುದು. ಹುಡುಗ ಅದನ್ನು ಬರೆದುಕೊಂಡು ತನ್ನ ಪ್ರಿಸೆಪ್ಟರ್‌ಗೆ, ಅಂದರೆ ತರಬೇತಿ ನೋಡಿಕೊಳ್ಳುವ ಮೇಷ್ಟರಿಗೆ, ಹೇಳುತ್ತಾನೆ, ಅವರು ಡಾಕ್ಟರ ಗಮನಕ್ಕೆ ತರುತ್ತಾರೆ. ಚೀಟಿ ತಿದ್ದುವ ಅಧಿಕಾರ ಅವನಿಗಿಲ್ಲ, ಆರನೇ ವರ್ಷದ ಇಂಟರ್ನ್‌ಗೂ ಇಲ್ಲ.

ಅಮೆರಿಕದಲ್ಲಿ ಫಾರ್ಮ್ ಡಿ ತರಬೇತಿಯ ಶುರುವಿನ ಹಂತಕ್ಕೆ ಕನಿಷ್ಠ 300 ಗಂಟೆ, ಕೊನೆಯ ಹಂತಕ್ಕೆ 1440. ಎರಡಕ್ಕೂ ಬೇರೆ ಬೇರೆ ಹೆಸರಿದೆ, ಯಾರೂ ಕಲಸಿಬಿಡುವುದಿಲ್ಲ. ಇನ್ನು ನಮ್ಮ ಡಿ ಫಾರ್ಮದವರ (ಫಾರ್ಮಸಿ ಡಿಪ್ಲೊಮಾ) 500 ಗಂಟೆ ತರಬೇತಿಯನ್ನೂ ಕೆಲವರು ಕ್ಲರ್ಕ್‌ಶಿಪ್ ಅನ್ನುತ್ತಾರೆ. ಅದರಲ್ಲಿ ಕಡಿಮೆ ಅಂದರೂ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವುದಕ್ಕೇ ಮೀಸಲು. ವಾರ್ಡಿಗೂ ಅದಕ್ಕೂ ಸಂಬಂಧವಿಲ್ಲ.