ಬರೀ 8 ಪಂದ್ಯ ಆಡಿ ಇಡೀ ಕೆನಡಾಕ್ಕೆ ಚಾಂಪಿಯನ್ ಆಗುವುದು ಹೇಗೆ?

ಓದುಗರ ಪ್ರಶ್ನೆ: ಕೆನಡಾದ ಯೂನಿವರ್ಸಿಟಿ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಸೀಸನ್ನಿಗೆ 8 ಲೀಗ್ ಪಂದ್ಯ ಮಾತ್ರ. ಕ್ವಿಬೆಕ್‌ನ ತಂಡ ಆಲ್ಬರ್ಟಾದ ತಂಡದ ಮುಖವನ್ನೇ ನೋಡಿರುವುದಿಲ್ಲ. ಹಾಗಿದ್ದ ಮೇಲೆ ದೇಶದ ಚಾಂಪಿಯನ್ ಯಾರು ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ಉತ್ತರ: ಆ 8 ಪಂದ್ಯಗಳಿಂದ ಚಾಂಪಿಯನ್ ಯಾರು ಅಂತ ತೀರ್ಮಾನ ಆಗುವುದೇ ಇಲ್ಲ. ನವೆಂಬರ್‌ವರೆಗೆ ಯಾರು ಉಳಿಯಬೇಕು ಅನ್ನುವುದಷ್ಟೇ ಅವುಗಳಿಂದ ಗೊತ್ತಾಗುತ್ತದೆ. ಕಪ್ ಯಾರದು ಅನ್ನುವುದು ಸೋತವರು ಮನೆಗೆ ಹೋಗುವ ನಾಕೌಟ್ ಪಂದ್ಯಗಳಲ್ಲೇ ಇತ್ಯರ್ಥವಾಗುತ್ತದೆ.

ಈ ಆಟಕ್ಕೆ ಹೊಸಬರಾದವರಿಗೆ ಒಂದು ಮಾತು. ಇದು ಸಾಕರ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟ. ಅಮೆರಿಕದಲ್ಲಿ ತಂಡಕ್ಕೆ 11 ಜನ, 100 ಗಜದ ಮೈದಾನ, 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಕೆನಡಾದಲ್ಲಿ 12 ಜನ, 110 ಗಜ, ಮೂರೇ ಅವಕಾಶ. ಹಾಗಾಗಿ ಚೆಂಡು ಎಸೆಯುವುದು ಜಾಸ್ತಿ, ಚೆಂಡು ಎದುರಾಳಿಗೆ ಹೋಗುವುದೂ ಬೇಗ.

ಈಗ ಸೀಸನ್ ವಿಚಾರಕ್ಕೆ ಬರೋಣ. 2024ರಲ್ಲಿ 27 ಯೂನಿವರ್ಸಿಟಿಗಳು ನಾಲ್ಕು ಕಾನ್ಫರೆನ್ಸ್‌ಗಳಲ್ಲಿ, ಅಂದರೆ ಪ್ರದೇಶವಾರು ಗುಂಪುಗಳಲ್ಲಿ, ಆಡಿದವು. ಒಂಟಾರಿಯೊದಲ್ಲಿ 11 ತಂಡ, ಪಶ್ಚಿಮ ಕೆನಡಾದಲ್ಲಿ 6, ಕ್ವಿಬೆಕ್‌ನಲ್ಲಿ 5, ಅಟ್ಲಾಂಟಿಕ್ ಕಡೆ 5. ಐದು ತಂಡಗಳಿರುವ ಕಡೆ ಲೆಕ್ಕ ಸುಲಭ, ಪ್ರತಿಯೊಬ್ಬರ ಮೇಲೂ ಎರಡೆರಡು ಸಲ ಆಡಿದರೆ 8 ಪಂದ್ಯ ಆಯಿತು. ಒಂಟಾರಿಯೊದಲ್ಲಿ ಹಾಗಲ್ಲ. ಒಂದು ತಂಡಕ್ಕೆ ಎದುರಾಳಿಗಳೇ 10 ಜನ, ಪಂದ್ಯ 8. ಅಂದರೆ ಒಂದೇ ಪ್ರಾಂತ್ಯದೊಳಗೇ ಎಲ್ಲರೂ ಎಲ್ಲರನ್ನೂ ಎದುರಿಸುವುದಿಲ್ಲ.

ಇಷ್ಟು ಚಿಕ್ಕ ಸೀಸನ್ ಏಕೆ? ಒಂದು, ದೂರ. ಹ್ಯಾಲಿಫ್ಯಾಕ್ಸ್‌ನಿಂದ ವ್ಯಾಂಕೂವರ್‌ಗೆ ವಿಮಾನದಲ್ಲೇ 4,000 ಕಿಲೋಮೀಟರ್‌ಗಿಂತ ಜಾಸ್ತಿ. ಇಷ್ಟು ದೊಡ್ಡ ತಂಡವನ್ನು, ಅದರ ಸಾಮಾನು ಸರಂಜಾಮು ಸಮೇತ, ಪ್ರತಿ ವಾರ ಅಷ್ಟು ದೂರ ಹಾರಿಸುವ ದುಡ್ಡು ಯಾವ ಯೂನಿವರ್ಸಿಟಿಯ ಹತ್ತಿರವೂ ಇಲ್ಲ. ಎರಡು, ಹವಾಮಾನ. ಆಗಸ್ಟ್ ಕೊನೆಯಲ್ಲಿ ಬಿಸಿಲಲ್ಲಿ ಶುರುವಾಗುವ ಆಟ ಮುಗಿಯುವ ಹೊತ್ತಿಗೆ ಕೆಲವು ಊರುಗಳಲ್ಲಿ ಹಿಮ ಬಿದ್ದಿರುತ್ತದೆ. ಮೂರು, ಓದು. ಡಿಸೆಂಬರ್‌ನಲ್ಲಿ ಪರೀಕ್ಷೆ. ಇವರು ವಿದ್ಯಾರ್ಥಿಗಳೇ. ಕ್ರೀಡಾ ಸ್ಕಾಲರ್‌ಶಿಪ್ ಸಿಕ್ಕರೂ ಅದು ಟ್ಯೂಷನ್ ಮತ್ತು ಕಡ್ಡಾಯ ಶುಲ್ಕಗಳನ್ನು ಮೀರುವಂತಿಲ್ಲ. ಮೆಕ್‌ಗಿಲ್‌ನಲ್ಲಿ ಮೆಡಿಕಲ್ ಓದುತ್ತಲೇ ಆಡಿದ ಲಾರೆಂ ಡುವರ್ನೇ-ಟಾರ್ಡಿಫ್ 2020ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಜೊತೆ ಅಮೆರಿಕದ ಪ್ರೊಫೆಷನಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅದೇ ವರ್ಷ ಮುಂದಿನ ಸೀಸನ್ ಬಿಟ್ಟು, ಕೋವಿಡ್ ಹೊತ್ತಿನಲ್ಲಿ ವೃದ್ಧರ ಆರೈಕೆ ಕೇಂದ್ರಕ್ಕೆ ಕೆಲಸಕ್ಕೆ ಹೋದರು. ಈ ಪದ್ಧತಿಯ ಬಗ್ಗೆ ನನಗಿರುವ ಗೌರವಕ್ಕೆ ಇಂಥವರೇ ಕಾರಣ.

ಲೀಗ್ ಮುಗಿದ ಮೇಲೆ ಪ್ರತಿ ಕಾನ್ಫರೆನ್ಸ್‌ನಲ್ಲೂ ಪ್ಲೇಆಫ್. ಒಂಟಾರಿಯೊದಲ್ಲಿ ಗೆದ್ದವರಿಗೆ ಯೇಟ್ಸ್ ಕಪ್, ಪಶ್ಚಿಮದಲ್ಲಿ ಹಾರ್ಡಿ ಕಪ್, ಕ್ವಿಬೆಕ್‌ನಲ್ಲಿ ಡನ್ಸ್‌ಮೋರ್ ಕಪ್, ಅಟ್ಲಾಂಟಿಕ್‌ನಲ್ಲಿ ಲೋನಿ ಬೌಲ್. ಇವುಗಳನ್ನು ಸುಮ್ನೆ ಸೆಮಿಫೈನಲ್ ಟಿಕೆಟ್ ಅಂತ ನೋಡಬೇಡಿ. ಯೇಟ್ಸ್ ಕಪ್ 1898ರಿಂದ ಇದೆ. ಪ್ರೊಫೆಷನಲ್‌ಗಳು ಆಡುವ ಗ್ರೇ ಕಪ್ಪಿಗಿಂತಲೂ ಹಳೆಯದು. ಆ ಗ್ರೇ ಕಪ್ಪನ್ನೂ 1909ರಲ್ಲಿ ಮೊದಲು ಗೆದ್ದದ್ದು ಟೊರೊಂಟೊ ಯೂನಿವರ್ಸಿಟಿಯ ಹುಡುಗರೇ.

ಆಮೇಲೆ ನಾಲ್ಕು ಚಾಂಪಿಯನ್‌ಗಳು ಎರಡು ಸೆಮಿಫೈನಲ್‌ಗಳಲ್ಲಿ ಎದುರಾಗುತ್ತಾರೆ. ಒಂದು ಯುಟೆಕ್ ಬೌಲ್, ಇನ್ನೊಂದು ಮಿಚೆಲ್ ಬೌಲ್. ಯಾವ ಕಾನ್ಫರೆನ್ಸ್ ಯಾವುದರ ಮೇಲೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಲ್ಲಿ ಗೆದ್ದವರು ವ್ಯಾನಿಯೆ ಕಪ್‌ಗಾಗಿ ಆಡುತ್ತಾರೆ, ಅದೇ ಇಡೀ ದೇಶದ ಫೈನಲ್. 1965ರಲ್ಲಿ ಶುರುವಾದಾಗ ಎರಡು ತಂಡಗಳನ್ನು ಆರಿಸಿ ಕರೆಯುತ್ತಿದ್ದರು. 1967ರಿಂದ ಮೈದಾನದಲ್ಲಿ ಗೆದ್ದು ಬಂದವರಿಗೆ ಮಾತ್ರ ಜಾಗ. ಪ್ರತಿ ವಾರ ಬರುವ ಟಾಪ್ 10 ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ನಂಬರ್ 1 ಆಗಿದ್ದರೂ ನಿಮ್ಮ ಕಾನ್ಫರೆನ್ಸ್ ಫೈನಲ್ ಸೋತರೆ ಕಥೆ ಮುಗಿಯಿತು. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ ಚಾಂಪಿಯನ್ ಯಾರು ಅಂತ ದಶಕಗಟ್ಟಲೆ ಮತ ಹಾಕಿ ಹೇಳುತ್ತಿದ್ದರು, ಈಗಲೂ ಪ್ಲೇಆಫ್ ತಂಡಗಳನ್ನು ಆರಿಸಲು ಸಮಿತಿ ಕೂರುತ್ತದೆ. ಕೆನಡಾದ ದಾರಿಯೇ ನನಗೆ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

2024ರ ಸೀಸನ್ ನೋಡಿದರೆ ಇದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ. ವಾಟರ್ಲೂ ಊರಿನ ವಿಲ್ಫ್ರಿಡ್ ಲಾರಿಯೆ ಯೂನಿವರ್ಸಿಟಿಯ ಗೋಲ್ಡನ್ ಹಾಕ್ಸ್ ಎಂಟಕ್ಕೆ ಎಂಟೂ ಗೆದ್ದರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಟೇಲರ್ ಎಲ್ಗರ್ಸ್ಮಾ, ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೆಕ್ ಕ್ರೈಟನ್ ಟ್ರೋಫಿ ಪಡೆದರು. ಯೇಟ್ಸ್ ಕಪ್‌ನಲ್ಲಿ ಹಳೇ ಎದುರಾಳಿ ವೆಸ್ಟರ್ನ್ ಯೂನಿವರ್ಸಿಟಿ ಮೇಲೆ 51-31. ಮಿಚೆಲ್ ಬೌಲ್‌ನಲ್ಲಿ ಬಿಷಪ್ಸ್ ಮೇಲೆ 48-24. ಈ ಬಿಷಪ್ಸ್ ಯೂನಿವರ್ಸಿಟಿ ಇರುವುದು ಕ್ವಿಬೆಕ್‌ನಲ್ಲಿ, ಆದರೆ 2017ರಿಂದ ಆಡುತ್ತಿರುವುದು ಅಟ್ಲಾಂಟಿಕ್ ಕಾನ್ಫರೆನ್ಸ್‌ನಲ್ಲಿ. ಆ ವರ್ಷ ಅವರೂ ಲೀಗ್‌ನಲ್ಲಿ ಒಂದೂ ಸೋತಿರಲಿಲ್ಲ. ಎರಡು ಅಜೇಯ ತಂಡಗಳು ಎದುರಾದರೆ ಬಿಗಿ ಪಂದ್ಯ ಅಂದುಕೊಳ್ಳುತ್ತೇವೆ ಅಲ್ವಾ? ಅಂತರ 24 ಪಾಯಿಂಟ್. ಬೇರೆ ಬೇರೆ ಕಾನ್ಫರೆನ್ಸ್‌ನ 8-0 ಒಂದೇ ತೂಕದ್ದಲ್ಲ ಅಂತ ಅಂದು ಎಲ್ಲರಿಗೂ ಕಂಡಿತು.

ಇನ್ನೊಂದು ಕಡೆ ಲಾವಾಲ್ ಯೂನಿವರ್ಸಿಟಿಯ ರೂಜ್ ಎ ಓರ್ ತಂಡ ಯುಟೆಕ್ ಬೌಲ್‌ನಲ್ಲಿ ಪಶ್ಚಿಮದ ರೆಜೈನಾವನ್ನು 17-14ರಿಂದ ಕಷ್ಟಪಟ್ಟು ದಾಟಿತು. ನವೆಂಬರ್ 23ರಂದು ಕಿಂಗ್‌ಸ್ಟನ್‌ನ ರಿಚರ್ಡ್‌ಸನ್ ಸ್ಟೇಡಿಯಂನಲ್ಲಿ ಫೈನಲ್. ಅದುವರೆಗೆ ಸೋಲನ್ನೇ ಕಾಣದ, ಹಿಂದಿನ ಎರಡು ಪಂದ್ಯಗಳಲ್ಲಿ ಒಟ್ಟು 99 ಪಾಯಿಂಟ್ ಗಳಿಸಿದ್ದ ಲಾರಿಯೆಯನ್ನು ಲಾವಾಲ್ 17ಕ್ಕೆ ಕಟ್ಟಿಹಾಕಿತು. 22-17. ಲಾವಾಲ್‌ಗೆ ಇದು 12ನೇ ಕಪ್, ಬೇರೆ ಯಾರೂ ಹತ್ತಿರದಲ್ಲಿಲ್ಲ. ಸೀಸನ್ ಪೂರ್ತಿ ನೋಡಿದವರಿಗೆ ಲಾರಿಯೆಯೇ ಉತ್ತಮ ತಂಡ ಅನಿಸಿದ್ದರೆ ತಪ್ಪಿಲ್ಲ. ಆದರೆ ಈ ಪದ್ಧತಿಯಲ್ಲಿ ಲೆಕ್ಕಕ್ಕೆ ಬರುವುದು ಆ ಮಧ್ಯಾಹ್ನದ ಆಟ ಮಾತ್ರ.

2014ರ ಫೈನಲ್‌ನಲ್ಲಂತೂ ಇನ್ನೂ ಸಣ್ಣ ಅಂತರ. ಮಾಂಟ್ರಿಯಲ್ ತಂಡ 20-19ರಿಂದ ಮುಂದಿತ್ತು. ಕೊನೇ ನಿಮಿಷದಲ್ಲಿ ಮ್ಯಾಕ್‌ಮಾಸ್ಟರ್‌ನವರು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ 3 ಪಾಯಿಂಟ್) ಒದ್ದರು. ಮಾಂಟ್ರಿಯಲ್‌ನ ಒಬ್ಬ ಆಟಗಾರ ನುಗ್ಗಿ ಅದನ್ನು ತಡೆದ. ಕಪ್ ಮಾಂಟ್ರಿಯಲ್‌ಗೆ ಹೋಯಿತು.

ಈ ಪದ್ಧತಿಯಲ್ಲಿ ನನಗೆ ಬೇಸರ ತರಿಸುವ ಒಂದು ಸಂಗತಿ ಇದೆ. ನಾಲ್ಕು ಕಾನ್ಫರೆನ್ಸ್‌ಗಳಿಗೂ ಸಮಾನ ಸೀಟು ಇದ್ದರೂ ಸಮಾನ ಶಕ್ತಿ ಇಲ್ಲ. ಹ್ಯಾಲಿಫ್ಯಾಕ್ಸ್‌ನ ಸೇಂಟ್ ಮೇರೀಸ್ 2001 ಮತ್ತು 2002ರಲ್ಲಿ ಸಾಲಾಗಿ ವ್ಯಾನಿಯೆ ಕಪ್ ಗೆದ್ದಿತ್ತು. 2007ರಲ್ಲಿ ಮನಿಟೋಬ ವಿರುದ್ಧ ಫೈನಲ್ ಸೋತಿತು. ಅದಾದ ಮೇಲೆ 2024ರವರೆಗೆ ಅಟ್ಲಾಂಟಿಕ್‌ನ ಯಾವ ತಂಡವೂ ಫೈನಲ್ ಮೆಟ್ಟಿಲು ಹತ್ತಿಲ್ಲ. ಮೌಂಟ್ ಆಲಿಸನ್, ಅಕೇಡಿಯಾದಂಥವು ಕೆಲವೇ ಸಾವಿರ ವಿದ್ಯಾರ್ಥಿಗಳಿರುವ ಚಿಕ್ಕ ಊರಿನ ಯೂನಿವರ್ಸಿಟಿಗಳು. ಕ್ವಿಬೆಕ್‌ನಲ್ಲಿ ಹುಡುಗರು ಹೈಸ್ಕೂಲ್ ಆದಮೇಲೆ ಸೆಜೆಪ್ ಕಾಲೇಜಿನಲ್ಲಿ ಓದಿ, ಅಲ್ಲಿನ ಗಟ್ಟಿ ಲೀಗ್‌ನಲ್ಲಿ ಪಳಗಿ ಬರುತ್ತಾರೆ. ಲಾವಾಲ್ 1996ರಲ್ಲಿ ಆಟ ಶುರುಮಾಡಿ, ಊರಿನ ಉದ್ಯಮಿಗಳ ಹಣದ ಬೆಂಬಲದಿಂದ 1999ಕ್ಕೇ ಕಪ್ ಗೆದ್ದಿತು. ಚಿಕ್ಕ ಯೂನಿವರ್ಸಿಟಿಗಳಿಗೆ ಅಂಥ ಹಣ ಎಲ್ಲಿಂದ ಬರಬೇಕು? ಹಾಗಂತ ಅವರ ಸೀಟು ಕಿತ್ತುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನವೆಂಬರ್‌ನ ಆ ಒಂದು ಪಂದ್ಯದ ಆಸೆಯೂ ಇಲ್ಲದಿದ್ದರೆ ಅಲ್ಲಿ ತಂಡ ಕಟ್ಟುವವರು ಯಾರು?

ಒಂಟಾರಿಯೊದ ವಾಟರ್ಲೂ, ಲಂಡನ್, ವಿಂಡ್ಸರ್ ಕಡೆ ಓದಲು ಹೋಗಿರುವ ನಮ್ಮ ಹುಡುಗ ಹುಡುಗಿಯರು ಒಂದೇ ದಿನ ಬಿಡುವು ಮಾಡಿಕೊಳ್ಳುವುದಾದರೆ ಸೆಪ್ಟೆಂಬರ್‌ನ ಲೀಗ್ ಪಂದ್ಯಕ್ಕಿಂತ ಯೇಟ್ಸ್ ಕಪ್ ಫೈನಲ್ ನೋಡಲಿ. ಅದು ಸಾಮಾನ್ಯವಾಗಿ ನವೆಂಬರ್‌ನ ಎರಡನೇ ಶನಿವಾರದ ಆಸುಪಾಸಿನಲ್ಲಿ, ಲೀಗ್‌ನಲ್ಲಿ ಮೇಲಿದ್ದ ತಂಡದ ಮೈದಾನದಲ್ಲೇ ನಡೆಯುತ್ತದೆ. ದಪ್ಪ ಜಾಕೆಟ್ ಮರೆಯಬೇಡಿ.